ಕಾಟಾದ ಮೇಲಿನ ಕೌದಿ

ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಾನು ಕೌದಿ ಒಗೆಯಲು ಹೊಸಪೇಟೆಯ ಕಾಲುವೆಗೆ ಹೋಗುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಆ ಹೊದಿಕೆ ಒದ್ದೆಯಾದರೆ ಎಮ್ಮೆಯ ಕರುವಿನಷ್ಟು ಭಾರ. ಬಕೆಟ್ಟಿನಲ್ಲಿ ಹಿಡಿಯುವುದಿಲ್ಲ. ವಾಷಿಂಗ್ ಮಷೀನಿಗೆ ತುರುಕಿದರೆ ಕೌದಿ ಉಳಿದೀತು, ಮಷೀನು ಉಳಿಯುವುದಿಲ್ಲ. ಹಾಗಾಗಿ ಆಟೋ ಮಾಡಿಕೊಂಡು, ಮದುವೆಗೆ ಹೊರಟವಳ ಹಾಗೆ ಗಂಟು ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ನೀರಿಗೆ ಬಿಟ್ಟು ಕಾಲಲ್ಲಿ ತುಳಿದರೆ ಇಷ್ಟು ವರ್ಷದ ಮೇಲೂ ತೆಳ್ಳಗೆ ಕೆಂಪು ಬಿಡುತ್ತದೆ. ಜೊತೆಗೆ ಒಂದು ವಾಸನೆ: ತುಕ್ಕು ಹಿಡಿದ ಬೀಗದ ಕೈಯನ್ನು ಬೆವತ ಅಂಗೈಯಲ್ಲಿ ಹಿಡಿದುಕೊಂಡಿದ್ದರೆ ಬರುತ್ತದಲ್ಲ, ಅದು.

ಈ ವರ್ಷ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಹಿಂಡಲು ಕೈಕೊಟ್ಟಳು. ಹಿಂಡುತ್ತ ಹಿಂಡುತ್ತ ಅವಳ ಬೆರಳು ಒಂದು ಮೂಲೆಯೊಳಗೆ ಹೋಯಿತು.

"ಅಕ್ಕಾರ, ಮೂಲಿ ಬಿಚ್ಚೈತಿ ನೋಡ್ರಿ."

"ಬಿಚ್ಚಿಲ್ಲ. ಇನ್ನೂ ಮುಚ್ಚಿಲ್ಲ" ಎಂದೆ.

ಅವಳು ಕೌದಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಂದ್ರ ಇಷ್ಟು ವರ್ಷ ಇದನ್ನ ಉಪಾಸ ಕೆಡವೀರೇನ್ರಿ? ಯಾರಿಗೆ ಕಾಯಾಕ ಹತ್ತೀರಿ?"

ನಾನು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದೆ. ಆ ವಾಸನೆ ಮೂಗಿಗೆ ಬಂತು, ಮತ್ತು ಗಣಿ ನಿಂತ ವರ್ಷದ ಬೇಸಿಗೆ ಪೂರ್ತಿ ಎದ್ದು ಬಂತು.

ಆಗ ನಾನು ಗಾದಿಗನೂರಿನ ಹತ್ತಿರ ಒಂದು ಕಾಟಾದಲ್ಲಿ ಕೆಲಸಕ್ಕಿದ್ದೆ. ಲಾರಿ ತೂಗುವ ವೇಬ್ರಿಡ್ಜಿಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ರಸ್ತೆಯ ಪಕ್ಕ ಒಂದು ಕಬ್ಬಿಣದ ಅಟ್ಟ, ಮೇಲೆ ತಗಡಿನ ಚಪ್ಪರ, ಪಕ್ಕದಲ್ಲಿ ಗಾಜಿನ ಕಿಟಕಿಯ ಕ್ಯಾಬಿನ್. ಸಂಡೂರು ಗುಡ್ಡದ ಅದಿರು ತುಂಬಿದ ಲಾರಿ ಅಟ್ಟದ ಮೇಲೆ ಬಂದು ನಿಂತರೆ ನನ್ನ ಮುಂದಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಬೀಳುತ್ತಿತ್ತು. ನಾನು ಚೀಟಿ ಕೊಡುತ್ತಿದ್ದೆ. ಅದಿರಿನ ಧೂಳಿಗೆ ಮೂಗು, ಕಿವಿ, ಊಟದ ಡಬ್ಬಿ ಎಲ್ಲ ಕೆಂಪು. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು ನಾನು. ಅಪ್ಪ ಅವ್ವ ಆಗಲೇ ಇರಲಿಲ್ಲ. ಕಂಪ್ಲಿಯಲ್ಲಿ ಅಣ್ಣನ ಮನೆಯಿತ್ತು. ಹಬ್ಬಕ್ಕೆ ಕರೆಯುತ್ತಿದ್ದರು, ಕರೆಯುವ ಧ್ವನಿಯಲ್ಲೇ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದೂ ಇರುತ್ತಿತ್ತು. ಹೊಸಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಲಾರಿಗಳ ಗದ್ದಲದಲ್ಲಿ ಒಂಟಿತನ ಅನ್ನುವುದು ಕೇಳಿಸುತ್ತಿರಲಿಲ್ಲ.

ಗಣಿ ನಿಂತಿತು. ಒಂದು ವಾರದಲ್ಲಿ ರಸ್ತೆ ಬರಿದಾಯಿತು. ಡ್ರೈವರುಗಳು ಹೋದರು, ಪಂಕ್ಚರ್ ಅಂಗಡಿ ಮುಚ್ಚಿತು, ಎದುರಿನ ಹೋಟೆಲಿನವನು ಬೆಂಚುಗಳನ್ನು ಟೆಂಪೋಕ್ಕೆ ಏರಿಸಿಕೊಂಡು ಊರಿಗೆ ಹೋದ. ಮಾಲೀಕರು ನನ್ನನ್ನು ಮಾತ್ರ ಬಿಡಲಿಲ್ಲ. ಕೇಬಲ್ಲು ಕದಿಯುವವರಿದ್ದಾರೆ, ಯಂತ್ರ ಆರಿಸಿದರೆ ಕೆಡುತ್ತದೆ, ನೀನು ಬಂದು ಸುಮ್ಮನೆ ಕೂತಿರು ಎಂದರು. ಸುಮ್ಮನೆ ಕೂರುವ ಕೆಲಸದಷ್ಟು ಕಷ್ಟದ್ದು ಇನ್ನೊಂದಿಲ್ಲ. ಪೆಟ್ಟಿಗೆಯಲ್ಲಿ ಇಡೀ ದಿನ ಸೊನ್ನೆ. ನಾಯಿಯೊಂದು ಅಟ್ಟದ ಮೇಲೆ ಮಲಗಿದರೆ ಹತ್ತು ಕಿಲೋ ತೋರಿಸಿ, ಅದು ಎದ್ದು ಹೋದರೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಆ ನಾಯಿ ಬರಲಿ ಎಂದು ಕಾಯುವ ಮಟ್ಟಕ್ಕೆ ನಾನು ಬಂದಿದ್ದೆ.

ನಾಯಿಗಿಂತ ಮೊದಲು ಹುಲಿಗೆವ್ವ ಬಂದಳು. ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಕಲ್ಲು ಆರಿಸುವ ಕೆಲಸ ಮಾಡುತ್ತಿದ್ದ ಗಾದಿಗನೂರಿನ ಹೆಂಗಸು. ಅರವತ್ತರ ಹತ್ತಿರದವಳು, ಎದ್ದು ನಿಂತರೆ ಬಾಗಿಲು ತುಂಬುವ ಆಳು. ಕಿಟಕಿಯ ಗಾಜು ಬಡಿದು ಕೇಳಿದಳು:

"ಅಕ್ಕಾರ, ಕೆಲಸಿಲ್ಲದ ಕೈ ತುರಿಸಾಕ ಹತ್ಯಾವು. ಈ ಕಾಟಾದ ಮ್ಯಾಲೆ ಒಂದು ಕೌದಿ ಹಾಸ್ಕೊಳ್ಳಲೇನ್ರಿ? ನಮ್ಮ ಮನಿಯಾಗ ಕೌದಿ ಹಾಸಿದ್ರ ನಾವು ಹೊರಗ ಕುಂದ್ರಬೇಕಾಗತೈತಿ."

ನಾನು ಯೋಚಿಸುವ ಹಾಗೆ ನಟಿಸಿದೆ. ನಿಜ ಹೇಳಬೇಕೆಂದರೆ ಅವಳ ಕಾಲಿಗೆ ಬೀಳುವುದೊಂದು ಬಾಕಿಯಿತ್ತು.

ಮರುದಿನ ಅವಳ ಜೊತೆ ಇನ್ನಿಬ್ಬರು ಬಂದರು. ಒಬ್ಬಳು ಮಾಬುನ್ನಿ, ಅವಳದೂ ಪ್ಲಾಟಿನ ಕೆಲಸವೇ; ಬಾಯಿ ಸೂಜಿಗಿಂತ ಚೂಪು. ಇನ್ನೊಬ್ಬಳು ಪಾರ್ವತಿ, ಅವರಲ್ಲಿ ಸಣ್ಣವಳು, ಕೆಲಸ ಮುಗಿಸಿ ಬಸ್ಸು ಹಿಡಿಯಬೇಕೇನೋ ಎನ್ನುವಷ್ಟು ವೇಗದಲ್ಲಿ ಹೊಲಿಯುವವಳು. ಕೌದಿಗೆ ನಾಲ್ಕು ಬದಿ. ಬದಿಗೊಬ್ಬರು ಕೂತು ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರಬೇಕು. ಅವರು ಮೂವರು. ನಾಲ್ಕನೆಯ ಬದಿ ಕ್ಯಾಬಿನ್ನಿನ ಕಡೆಗಿತ್ತು. ನಾನು ಗಾಜಿನ ಒಳಗಿಂದ ಅವರನ್ನೂ ಪೆಟ್ಟಿಗೆಯ ಅಂಕಿಯನ್ನೂ ನೋಡುತ್ತ ಎರಡು ದಿನ ಕೂತೆ. ಮೂವರು ಹೆಂಗಸರು ಸೇರಿ ನೂರಾ ಎಪ್ಪತ್ತು. ಹತ್ತರ ಲೆಕ್ಕದಲ್ಲಷ್ಟೇ ಓಡುವ ಯಂತ್ರ ಅದು, ಸಣ್ಣಪುಟ್ಟದ್ದು ಅದಕ್ಕೆ ತಿಳಿಯುವುದಿಲ್ಲ. ಮೂರನೆಯ ದಿನ ಮಾಬುನ್ನಿ ತಲೆಯೆತ್ತದೆ ಕೂಗಿದಳು:

"ಅಕ್ಕಾರ, ಗಾಜಿನ ಪೆಟ್ಟಿಗಿಯಾಗ ಬೊಂಬಿ ಇಟ್ಟಂಗ ಕುಂತೀರಲ್ಲ, ಈ ಕಡಿ ಬದಿ ಖಾಲಿ ಐತಿ. ಬರ್ರಿ, ಕುಂದ್ರಿ. ಸೂಜಿ ಕಚ್ಚಂಗಿಲ್ಲ."

ಕಚ್ಚಿತು. ಆದರೂ ಅಲ್ಲಿಂದ ಏಳಲಿಲ್ಲ.

ಅವರು ಕಲಿಸಿದ್ದನ್ನು ಯಾರೂ ಪಾಠ ಎನ್ನಲಿಲ್ಲ; ಬೈಗುಳದ ನಡುವೆ ಬಿದ್ದದ್ದನ್ನು ನಾನು ಆಯ್ದುಕೊಂಡೆ. ನಾನು ಪೇಟೆಯಿಂದ ಚೆಂದದ ಹೊಸ ಹತ್ತಿ ಬಟ್ಟೆ ತಂದಿದ್ದೆ. ಹುಲಿಗೆವ್ವ ಅದನ್ನು ಮೂಸಿ ಪಕ್ಕಕ್ಕಿಟ್ಟಳು. "ಇದರ ಹೊಟ್ಟಿಯಾಗ ಗಂಜಿ ಐತಿ. ಒಗದಾಗ ಇದು ಕುಗ್ಗತೈತಿ, ಹಳೇದು ಕುಗ್ಗಂಗಿಲ್ಲ. ಒಂದ ಮನಿಯಾಗ ಎರಡಕ್ಕೂ ಜಗಳ. ಹತ್ತು ಸಲ ಒಗದು ತಗೊಂಬರ್ರಿ, ಆಗ ನೋಡೂಣು." ಕತ್ತರಿ ಹಿಡಿದರೆ ಬೈದಳು, ತುಂಡನ್ನು ಹರಿಯಬೇಕಂತೆ, ಹರಿದರೆ ಬಟ್ಟೆ ತನ್ನ ನೂಲಿನ ನೇರ ತಾನೇ ಹಿಡಿಯುತ್ತದೆ. ದಾರ ಮೊಳಕ್ಕಿಂತ ಉದ್ದ ಇರಕೂಡದು. ಪದೇಪದೇ ಪೋಣಿಸುವ ಬೇಸರಕ್ಕೆ ನಾನು ಮಾರುದ್ದ ತೆಗೆದುಕೊಂಡಾಗ ಅದು ನಾಲ್ಕೇ ಹೊಲಿಗೆಗೆ ಗಂಟಾಯಿತು. "ಸೋಮಾರಿ ದಾರ ನೋಡ್ರಿ, ಮಾರುದ್ದ" ಎಂದು ಮಾಬುನ್ನಿ ಎಲ್ಲರಿಗೂ ತೋರಿಸಿದಳು. ದಪ್ಪ ಪದರದಲ್ಲಿ ಸೂಜಿ ಇಳಿಯದಿದ್ದರೆ ತಲೆಗೂದಲಲ್ಲಿ ಒಮ್ಮೆ ಆಡಿಸಿಕೊಳ್ಳುವುದನ್ನು ಪಾರ್ವತಿ ತೋರಿಸಿದಳು. ಎಣ್ಣೆ ಹಚ್ಚದ ನನ್ನ ತಲೆ ಆ ಕೆಲಸಕ್ಕೂ ಬರಲಿಲ್ಲ.

ನನಗೆ ಹೆಚ್ಚು ಕಷ್ಟವಾದದ್ದು ದಾರ ಜಗ್ಗದೇ ಇರುವುದು. ಜಗ್ಗಿದರೆ ಬಟ್ಟೆ ನೆರಿಗೆಗಟ್ಟುತ್ತದೆ. "ಬಿಗಿ ಮಾಡಬ್ಯಾಡ್ರಿ. ಅದಕ್ಕೂ ಉಸಿರು ಆಡಬೇಕು" ಎಂದು ಹುಲಿಗೆವ್ವ ದಿನಕ್ಕೆ ಎಷ್ಟು ಸಲ ಹೇಳಿದಳೋ. ನೆರಿಗೆ ಎದ್ದರೆ ಅದನ್ನು ಅಂಗೈಯಲ್ಲಿ ನಡುವಿನ ಕಡೆಗೆ ಓಡಿಸುತ್ತ ಹೋಗಬೇಕು. ಕೊನೆಗೆ ನಡುವೆ ಒಂದು ಉಬ್ಬು ಉಳಿದರೆ ಅದರ ಮೇಲೊಂದು ಬಣ್ಣದ ತುಂಡು ಹಚ್ಚಿ ಹೂವು ಅನ್ನುವುದು. ಹಿಡಿಯಲು ಇನ್ನೊಂದು ಕೈ ಇಲ್ಲದಾಗ ಬಟ್ಟೆಯ ತುದಿಯನ್ನು ಕಾಲ ಹೆಬ್ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಹೊಲಿಯುವುದು. ಒಂದು ಮಾತನ್ನು ಮಾತ್ರ ಮೂವರೂ ಒಂದೇ ಸಲ ಹೇಳಿದರು: ಇನ್ನೊಬ್ಬರ ಹೊಲಿಗೆ ಬಿಚ್ಚಬಾರದು. ನನ್ನ ಬದಿಯ ಹೊಲಿಗೆ ಕುಡಿದವನ ಹೆಜ್ಜೆಯಂತೆ ಹೋಗಿತ್ತು. ರಾತ್ರಿ ಮನೆಗೆ ಒಯ್ದು ಸರಿಮಾಡಿ ತರುತ್ತಾರೆ ಅಂದುಕೊಂಡಿದ್ದೆ. ಯಾರೂ ಮುಟ್ಟಲಿಲ್ಲ. ಗಾದಿಗನೂರಿನ ಯಾವುದೋ ಮನೆಯಲ್ಲಿ ಈಗಲೂ ಯಾರೋ ನನ್ನ ಸೊಟ್ಟ ಹೊಲಿಗೆಯನ್ನು ಹೊದ್ದು ಮಲಗಿರಬಹುದು.

ಮೊದಲ ಕೌದಿ ಮುಗಿಸಿ ಎತ್ತಿದೆವು. ಲಾರಿಯ ಚಕ್ರ ಜಾರದಿರಲೆಂದು ಕಾಟಾದ ತಗಡಿನ ಮೇಲೆ ಗೋಧಿಕಾಳಿನಂಥ ಉಬ್ಬುಗಳಿರುತ್ತವೆ. ನಾವು ಗುಡಿಸಿದ್ದೆವು, ಒರೆಸಿರಲಿಲ್ಲ. ಕೆಳಗಿನ ಬಿಳಿ ಸೀರೆಯ ತುಂಬ ಆ ಉಬ್ಬುಗಳು ಅದಿರಿನ ಕೆಂಪಿನಲ್ಲಿ ಸಾಲಾಗಿ ಒತ್ತಿಕೊಂಡಿದ್ದವು. ಒಗೆದು ತಂದು ಹರವಿದಾಗಲೂ ಹೋಗಿರಲಿಲ್ಲ. ಹುಲಿಗೆವ್ವ ಹಣೆ ಬಡಿದುಕೊಂಡಳು. ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಹೊರಟಿದ್ದ ಒಬ್ಬ ಗಾಡಿ ನಿಲ್ಲಿಸಿದ. ಹಂಪಿ ಬಜಾರಿನ ಹತ್ತಿರ ಅಂಗಡಿ ಇಟ್ಟಿದ್ದವನು. ಕೌದಿಯ ಬೆನ್ನನ್ನು ತಿರುಗಿಸಿ ನೋಡಿ, "ಇದು ಯಾವ ಊರಿನ ಪ್ರಿಂಟು? ಮಸ್ತ್ ಐತಲ್ಲ" ಎಂದ.

"ಸಂಡೂರು ಗುಡ್ಡದ್ದು" ಎಂದಳು ಮಾಬುನ್ನಿ, ಮುಖ ಅಲುಗದೆ.

ಅವನಿಗೆ ಅಂಥವೇ ಬೇಕಾದವು, ಬೆನ್ನಲ್ಲಿ ಆ ಪ್ರಿಂಟು ಇರುವಂಥವು. ಆದರೆ ಸಣ್ಣವು, ಒಬ್ಬೊಬ್ಬರು ಹೊದೆಯುವಂಥವು. ಫಾರಿನ್ನಿನವರು ಚೀಲದಲ್ಲಿ ಒಯ್ಯಬೇಕಲ್ಲ. ಇದು ಮಾತ್ರ ಮೂವರಿಗೂ ಅರ್ಥವಾಗಲಿಲ್ಲ. ಅವರು ಹೊಲಿಯುತ್ತಿದ್ದ ಕೌದಿ ಎಂದರೆ ಗಂಡ ಹೆಂಡತಿ ನಡುವೆ ಎರಡು ಕೂಸು ಮಲಗುವಂಥದು, ಇಲ್ಲದಿದ್ದರೆ ತೊಟ್ಟಿಲಿನದು. ದೊಡ್ಡವರೊಬ್ಬರಿಗೇ ಎಂದು ಕೌದಿ ಹೊಲಿದವರಲ್ಲ.

"ಪಾಪ, ಅಷ್ಟು ದೂರದಿಂದ ಬರ್ತಾರ, ಜೊತಿಗೆ ಮಲಗಾಕ ಯಾರೂ ಇಲ್ಲೇನು ಅವರಿಗೆ?" ಎಂದಳು ಪಾರ್ವತಿ.

ನಗು ಬಿತ್ತು. ನಾನೂ ನಕ್ಕೆ. ನಕ್ಕು ಮುಗಿಸುವಷ್ಟರಲ್ಲಿ ಹುಲಿಗೆವ್ವ ನನ್ನ ಕಡೆ ನೋಡುತ್ತಿದ್ದಳು.

ಬೇಸಿಗೆ ಏರಿ ಇಳಿಯುವಷ್ಟರಲ್ಲಿ ಹಂಪಿಯ ಸಣ್ಣ ಕೌದಿಗಳು ಒಂದೊಂದಾಗಿ ಹೋದವು. ಮಧ್ಯಾಹ್ನ ತಗಡು ಕಾದಾಗ ಎಲ್ಲರೂ ಕ್ಯಾಬಿನ್ನಿಗೆ ಬಂದು ಫ್ಯಾನಿನ ಕೆಳಗೆ ರೊಟ್ಟಿ ಬಿಚ್ಚುತ್ತಿದ್ದೆವು. ಸಂಜೆ ಬಸ್ಸು ಹತ್ತಿ ಕೋಣೆಗೆ ಬಂದರೆ ಬೀಗ ತೆಗೆಯುವ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಮೊದಲು ಅದು ಕೇಳಿಸುತ್ತಿರಲಿಲ್ಲ. ಹಗಲು ಜನ ಸಿಕ್ಕಿದರೆ ಸಂಜೆ ಹೆಚ್ಚು ಖಾಲಿಯಾಗುತ್ತದೆ ಎಂಬುದನ್ನು ಆ ಬೇಸಿಗೆ ಕಲಿತೆ. ಭಾನುವಾರಗಳನ್ನು ದ್ವೇಷಿಸತೊಡಗಿದೆ.

ಮಳೆಗೆ ಇನ್ನು ಸ್ವಲ್ಪ ದಿನ ಇರುವಾಗ ಹುಲಿಗೆವ್ವ ಹೇಳಿದಳು, "ಇನ್ನ ಅಕ್ಕಾರದೊಂದು ಹಾಕೂಣು. ಎಷ್ಟು ಮಂದಿಗೆ ಬೇಕ್ರಿ?"

ಕೌದಿ ಹಾಕುವ ಮೊದಲು ಎಲ್ಲರನ್ನೂ ಕೇಳುವ ಮಾತು ಅದು. ನಾನು ಅವ್ವನ ಹಳೆಯ ಸೀರೆಗಳನ್ನೂ ನನ್ನವನ್ನೂ ಹತ್ತಲ್ಲ, ಇಪ್ಪತ್ತು ಸಲ ಒಗೆದು ತಂದಿದ್ದೆ. ಉತ್ತರವನ್ನೂ ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ.

"ಹಂಪಿ ಸೈಜು ಸಾಕು" ಎಂದೆ. ನಗುತ್ತಲೇ ಅಂದೆ.

ಯಾರೂ ನಗಲಿಲ್ಲ. ಮಾಬುನ್ನಿ ಕೂಡ ಸೂಜಿಗೆ ದಾರ ಪೋಣಿಸುವ ನೆವ ಮಾಡಿದಳು. ಹುಲಿಗೆವ್ವ ಎದ್ದು ಸೀರೆಯನ್ನು ಕಾಟಾದ ಮೇಲೆ ಹಾಸಿ, "ಮಲಕ್ಕೋ" ಎಂದಳು. ಅಷ್ಟು ದಿನ ಬಹುವಚನದಲ್ಲಿದ್ದ ನಾನು ಆ ಕ್ಷಣ ಏಕವಚನಕ್ಕೆ ಇಳಿದೆ. ಅವರು ಅಳತೆಪಟ್ಟಿ ಇಡುವುದಿಲ್ಲ. ಹೊದೆಯುವವರೇ ಮಲಗಬೇಕು, ಅದೇ ಅಳತೆ. ನಾನು ಅಂಚಿಗೆ ಮಲಗಿದೆ. ಸೀರೆಯ ಕೆಳಗೆ ತಗಡಿನ ಉಬ್ಬುಗಳು ಬೆನ್ನಿಗೆ ಒತ್ತುತ್ತಿದ್ದವು. ಹುಲಿಗೆವ್ವ ತನ್ನ ದೊಡ್ಡ ಮೈಯನ್ನು ಇಳಿಸಿ ನನ್ನ ಪಕ್ಕದಲ್ಲಿ ಮಲಗಿದಳು.

"ಇಷ್ಟು ಅಗಲ ಹಿಡೀರಿ" ಎಂದಳು ಉಳಿದಿಬ್ಬರಿಗೆ, ಮಲಗಿಕೊಂಡೇ.

"ಯಾಕವ್ವಾ? ನಾನೊಬ್ಬಳೇ ಅಲ್ಲವಾ?"

"ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ, ಖರೆ. ಹಾಸಿಗೀನ ಸಣ್ಣದು ಮಾಡ್ಕೋ ಅಂತ ಯಾರು ಅಂದಾರ?"

ಮಾಬುನ್ನಿ ಕ್ಯಾಬಿನ್ನಿಗೆ ಓಡಿಹೋಗಿ ಪೆಟ್ಟಿಗೆ ನೋಡಿ ಕೂಗಿದಳು, "ಇಬ್ಬರೂ ಕೂಡಿ ನೂರಾ ಮೂವತ್ತು! ಹುಲಿಗೆವ್ವಾ, ಲೋಡು ನಿಂದ ಜಾಸ್ತಿ!" ಚಪ್ಪರದ ತಗಡನ್ನು ನೋಡುತ್ತ ಮಲಗಿದ್ದ ನನಗೆ ಅಳು ಬಂತು. ಅತ್ತುಬಿಟ್ಟೆ. ಹುಲಿಗೆವ್ವ ನನ್ನ ಪಕ್ಕದಿಂದ ಏಳದೆ ಮಲಗಿಯೇ ಇದ್ದಳು.

ಹಾಗೆ ಇಬ್ಬರ ಅಗಲಕ್ಕೆ ಕೌದಿ ಬಿತ್ತು. ನಾಲ್ವರೂ ನಾಲ್ಕು ಬದಿ ಕೂತು ಹೊಲಿದೆವು. ಕೊನೆಯ ಮೂಲೆಯೊಂದು ಉಳಿಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಚಿಟಿಕೆ ಸಕ್ಕರೆ, ನಾಲ್ಕು ಜೋಳದ ಕಾಳು, ಒಣ ರೊಟ್ಟಿಯ ಚೂರು ಇಡುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ.

ಆ ಬೆಳಿಗ್ಗೆ ಊರಿನಿಂದ ಸಕ್ಕರೆ ತರುತ್ತೇನೆಂದು ಹೋದ ಪಾರ್ವತಿ ಬರಲಿಲ್ಲ. ಬಂದದ್ದು ಲಾರಿ. ಪ್ಲಾಟುಗಳಲ್ಲಿ ಉಳಿದಿದ್ದ ಅದಿರು ಎತ್ತಲು ಅಪ್ಪಣೆ ಸಿಕ್ಕಿತ್ತಂತೆ. ಒಂದರ ಹಿಂದೆ ಒಂದು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಸೂಪರ್‌ವೈಸರ್ ಬೈಕಿನಲ್ಲಿ ಬಂದು ಕಾಟಾ ಖಾಲಿ ಮಾಡಿ ಎಂದು ಕಿರುಚಿದ. ಪಾರ್ವತಿ ಆಗಲೇ ಕೆಲಸ ಕೇಳಲು ಪ್ಲಾಟಿನ ಗೇಟಿನಲ್ಲಿ ನಿಂತಿದ್ದಳು. ಮಾಬುನ್ನಿ ಸೂಜಿಡಬ್ಬಿ ಎತ್ತಿಕೊಂಡು ಅತ್ತ ಓಡಿದಳು. ಹುಲಿಗೆವ್ವ ಕೌದಿಯನ್ನು ಮಡಚಿ ನನ್ನ ತೋಳಿಗೆ ಹಾಕಿ, ಹಾರ್ನಿನ ನಡುವೆ ಹೇಳಿದಳು:

"ಯಾರರ ಬಂದಾಗ ಹೊಟ್ಟಿ ತುಂಬಿಸಿ ಮುಚ್ಚೀಯಂತ, ಹಿಡಿ!"

ಮೊದಲ ಲಾರಿ ಕಾಟಾ ಹತ್ತಿತು. ಪೆಟ್ಟಿಗೆಯಲ್ಲಿ ಸಾವಿರಗಳ ಅಂಕಿ ಬಿತ್ತು. ನಾನು ಚೀಟಿ ಕೊಟ್ಟೆ.

ಮಳೆಗಾಲದೊಳಗೆ ಆ ಅದಿರೂ ಮುಗಿಯಿತು, ಮಾಲೀಕರು ಕಾಟಾ ಮಾರಿದರು. ನಾನು ಹೊಸಪೇಟೆಯಲ್ಲಿ ಒಂದು ಅಕ್ಕಿ ಅಂಗಡಿಯ ಬಿಲ್ಲಿಂಗಿಗೆ ಸೇರಿದೆ. ಮಾಬುನ್ನಿ ಮಗಳ ಜೊತೆ ಕಂಪ್ಲಿಗೆ ಹೋದಳೆಂದು ಬಸ್ಸಿನಲ್ಲಿ ಯಾರೋ ಹೇಳಿದರು. ಪಾರ್ವತಿಯ ಸುದ್ದಿ ಸಿಗಲಿಲ್ಲ. ಹುಲಿಗೆವ್ವ ಒಂದೇ ಬಸ್ಸಿನ ದೂರದಲ್ಲಿದ್ದಳು, ಆದರೂ ಹೋಗಲಿಲ್ಲ. ಹೋದರೆ 'ಯಾರರ ಬಂದ್ರಾ?' ಎಂದು ಕೇಳುತ್ತಾಳೆ, ಏನು ಹೇಳುವುದು? ಯಾರೂ ಬಂದಿರಲಿಲ್ಲ. ಒಬ್ಬರು ಬರುವ ಹಾಗಿತ್ತು, ಒಂದೆರಡು ತಿಂಗಳು ಹೊಸ ದಿಂಬು ಕೊಳ್ಳುವಷ್ಟು ನಂಬಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಅಷ್ಟೂ ವರ್ಷ ಕಾಟಾದ ಮೇಲೆ ಮಲಗಿದ್ದ ಹಾಗೇ ಕೌದಿಯ ಎಡ ಅಂಚಿನಲ್ಲಿ ಮಲಗಿದೆ. ಇನ್ನರ್ಧ ಮಡಚಿಟ್ಟ ಹಾಗೇ ಇರುತ್ತಿತ್ತು. ಮುಚ್ಚದ ಮೂಲೆ ಆ ಕಡೆಗೆ.

ಕಾಲುವೆಯ ಹೆಂಗಸು ಕೇಳಿದ ಮಾತು ಮಾತ್ರ ಈ ಸಲ ಬಿಡಲಿಲ್ಲ. ಕೌದಿ ಒಣಗಿದ ಮರುದಿನವೇ ಗಂಟು ಕಟ್ಟಿಕೊಂಡು ಗಾದಿಗನೂರಿನ ಬಸ್ಸು ಹತ್ತಿದೆ.

ಹುಲಿಗೆವ್ವ ಮನೆಯ ಮುಂದಿನ ಕಟ್ಟೆಯ ಮೇಲಿದ್ದಳು. ಮೈ ಇಳಿದಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಅಂಗಳ ತುಂಬ ಮೊಮ್ಮಕ್ಕಳು. ನನ್ನ ಗುರುತು ಸಿಗಲಿಲ್ಲ. ರೇಷನ್ ಕಾರ್ಡಿನ ಸಲುವಾಗಿ ಬಂದವಳು ಎಂದುಕೊಂಡು, "ಮಗ ಹೊಲಕ್ಕ ಹೋಗ್ಯಾನ್ರಿ, ಆಮ್ಯಾಲೆ ಬರ್ರಿ" ಎಂದಳು. ನಾನು ಹೆಸರು ಹೇಳಿದೆ, ಕಾಟಾ ಎಂದೆ. ಹೂಂ ಎಂದಳು, ಯಾರಿಗಾದರೂ ಅನ್ನುವಂಥ ಹೂಂ. ಕೊನೆಗೆ ಕೌದಿಯನ್ನು ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ಅವಳ ಬೆರಳು ಹೊಲಿಗೆಯ ಮೇಲೆ ನಡೆಯಿತು.

"ಇದು ನಂದು. ಇದು ಮಾಬುನ್ನಿದು, ಒತ್ತಾಗಿ ಹಾಕ್ತಾಳ. ಇದು ಆ ಹುಡುಗಿದು, ಓಡಿ ಹೋಗೈತಿ." ನನ್ನ ಬದಿಗೆ ಬಂದಾಗ ಬೆರಳು ನಿಂತಿತು. ಮುಖ ಅಗಲವಾಯಿತು. "ಅಯ್ಯ ನಮ್ಮವ್ವಾ, ಜಗ್ಗಿ ಜಗ್ಗಿ ಹೊಲದಾಕಿ! ಗಾಜಿನ ಪೆಟ್ಟಿಗಿ ಶಾಂತವ್ವ!"

ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಬೆರಳು ಮೂಲೆಗೆ ಹೋಗಿ ಒಳಗೆ ಇಳಿಯಿತು.

"ಇದೇನಲೇ, ಮುಚ್ಚಿಲ್ಲ?"

"ಯಾರಾದರೂ ಬಂದಾಗ ಮುಚ್ಚು ಅಂದಿದ್ದೆಯಲ್ಲ. ಯಾರೂ ಬರಲಿಲ್ಲವ್ವಾ." ಇಷ್ಟು ವರ್ಷ ಹೆದರಿದ್ದ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂತು.

"ನಾ ಹಂಗ ಅಂದಿದ್ನಾ?" ಹುಲಿಗೆವ್ವ ಯೋಚಿಸಿದಳು, ನಿಜವಾಗಿ ಯೋಚಿಸಿದಳು. "ಅವತ್ತು ಸಕ್ಕರಿ ಇರ್ಲಿಲ್ಲಲೇ. ಆ ಲಾರಿಯಾವ ಹಾರ್ನ್ ಹೊಡದು ಹೊಡದು ಕಿವಿ ಕಿತ್ತಿಟ್ಟಿದ್ದ. ಜಲ್ದಿಯಾಗ ಏನರ ಒಂದು ಅಂದು ಕೈಯಾಗ ಕೊಟ್ಟಿರಬೇಕು."

ಮೊಮ್ಮಗಳೊಬ್ಬಳು ನೀರು ತಂದುಕೊಟ್ಟಳು, ಕುಡಿದೆ.

"ಅದಕ್ಕ ಇನ್ನೊಬ್ಬರು ಬರಬೇಕಂತ ಎಲ್ಲೈತಿ? ಸಕ್ಕರಿ ಇದ್ರ ಸಾಕು. ನಾನ ಮುಚ್ಚಿ ಕೊಡ್ತಿದ್ದೆ, ಕಣ್ಣಿಲ್ಲ. ನಿನಗೇನಾಗೈತಿ? ಹಿಡಿಯಾಕ ಕಾಲ ಹೆಬ್ಬೆರಳಿಲ್ಲೇನು?"

ಬೈಯುತ್ತಲೇ ಒಳಗೆ ಹೋಗಿ, ಒಣ ರೊಟ್ಟಿಯ ಚೂರು ಮತ್ತು ಹಿಡಿ ಜೋಳ ಚೀಟಿಯಲ್ಲಿ ಕಟ್ಟಿ ಕೊಟ್ಟಳು. ಸಕ್ಕರೆ ನಿನ್ನ ಮನೆಯದೇ ಆಗಲಿ ಎಂದಳು. ಮರಳುವಾಗ ಬಸ್ಸು ಕಾಟಾದ ಮುಂದೆ ಹಾದುಬಂತು. ಹೊಸ ತಗಡು, ಹೊಸ ಚಪ್ಪರ, ಕಿಟಕಿಯಲ್ಲಿ ಯಾರೋ ಫೋನು ನೋಡುತ್ತ ಕೂತಿದ್ದರು. ಒಂದು ಲಾರಿ ಹತ್ತುತ್ತಿತ್ತು, ಒಂದು ಇಳಿಯುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹೊಸಪೇಟೆ ಬರುವಷ್ಟರಲ್ಲಿ ಅದು ಇಳಿದು ನಗು ಬಂತು. ಪಕ್ಕದ ಸೀಟಿನವರು ಸರಿದು ಕೂತರು.

ಕೋಣೆಗೆ ಬಂದಾಗ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ನೆಲದ ಮೇಲೆ ಕೂತು ಮೂಲೆಯೊಳಗೆ ರೊಟ್ಟಿಯ ಚೂರು, ಕಾಳು, ಎರಡು ಚಿಟಿಕೆ ಸಕ್ಕರೆ ಇಟ್ಟೆ. ಮೊಳದ ದಾರ ತೆಗೆದುಕೊಂಡೆ. ಈಗ ತಲೆಗೆ ಎಣ್ಣೆ ಹಚ್ಚುತ್ತೇನೆ, ಕೂದಲಲ್ಲಿ ಒಮ್ಮೆ ಆಡಿಸಿದ ಸೂಜಿ ಸಲೀಸಾಗಿ ಇಳಿಯಿತು. ತುದಿಯನ್ನು ಕಾಲ ಹೆಬ್ಬೆರಳಲ್ಲಿ ಹಿಡಿದು, ಜಗ್ಗದೆ, ಬಿಗಿ ಮಾಡದೆ ಹೊಲಿದೆ. ಕೊನೆಗೆ ದಾರವನ್ನು ಹಲ್ಲಲ್ಲಿ ಕಡಿದೆ.

ಆಮೇಲೆ ಕೌದಿ ಹಾಸಿ ಮೊದಲ ಸಲ ಅದರ ನಡುವೆ ಮಲಗಿದೆ. ಎರಡೂ ಕಡೆ ಜಾಗ ಉಳಿಯಿತು.